ಓರಗಿತ್ತಿಯ ಹಾಗೆ ಗೋಡೆ ನೋಡಿದ್ದು

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಯುರಿ. ಮುಚ್ಚುಮರೆ ಯಾಕೆ? ಮಾವನವರ ದರ್ಜಿ ಅಂಗಡಿಗೆ ಅವಳು ಬಂದದ್ದು ನನಗಿಂತ ಒಂಬತ್ತು ವರ್ಷ ತಡವಾಗಿ. ಬಂದವಳು ಅಳತೆ ಚೀಟಿ ಓದುತ್ತಾಳೆ, ಎದುರಿನ ಗೋಡೆಯನ್ನು ಒಂದು ನಿಮಿಷ ನೋಡುತ್ತಾಳೆ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿಬಿಡುತ್ತಾಳೆ. ಇಡೀ ಕೋಟು ಆ ಗೋಡೆಯ ಮೇಲೆ ಕಾಣುತ್ತದಂತೆ! ನನಗೆ ಕಾಣುವುದು ಸುಣ್ಣ ಕಿತ್ತುಹೋದ ಗೋಡೆ ಮಾತ್ರ.

ನನ್ನದು ಬೇರೆ ಕಥೆ. ಬಟ್ಟೆಯನ್ನು ಕೈಯಲ್ಲಿ ಹಿಸುಕಬೇಕು, ಗಿರಾಕಿಯ ಹೆಗಲಿಗೆ ಹೊದಿಸಬೇಕು, ಗುಂಡುಪಿನ್ನು ಚುಚ್ಚಬೇಕು, ಕೀಳಬೇಕು. ಅಷ್ಟಾಗದೆ ತಲೆ ಓಡುವುದೇ ಇಲ್ಲ. ಅವಳು ಬರುವವರೆಗೆ ಇದೊಂದು ಕೊರತೆ ಅಂತ ಅನ್ನಿಸಿರಲೇ ಇಲ್ಲ. ಬಂದ ಮೇಲೆ ನಾನು ದಡ್ಡಿ ಅಂತ ನಾನೇ ತೀರ್ಮಾನ ಮಾಡಿಕೊಂಡೆ.

ಮಾವನವರ ಕೈ ನಡುಗತೊಡಗಿತು. ಕಟಿಂಗ್ ಟೇಬಲ್ಲನ್ನು ಇಬ್ಬರು ಸೊಸೆಯರಲ್ಲಿ ಒಬ್ಬಳಿಗೆ ಬಿಟ್ಟುಕೊಡಬೇಕು. ಅಲ್ಲಿ ನಿಂತವಳೇ ಅಂಗಡಿಯ ಯಜಮಾನಿ. ಗಿರಾಕಿಗಳು ಬಂದು ಕೇಳುವುದು ಅವಳನ್ನೇ. ಅಷ್ಟರಲ್ಲಿ ಒಬ್ಬ ಟೀಚರಮ್ಮ ಕೋಟಿನ ಬಟ್ಟೆ ತಂದರು. ವರ್ಷಗಟ್ಟಲೆ ಒಂದೇ ಹೆಗಲಿಗೆ ಚೀಲ ಹಾಕಿ ಅವರ ಬಲಭುಜ ಇಳಿದುಹೋಗಿತ್ತು. ಮಾವ ಅಳತೆ ಬರೆಸಿ, ಪರೀಕ್ಷೆ ಹಿರಿಸೊಸೆಯಿಂದಲೇ ಶುರುವಾಗಲಿ, ಹೇಗೆ ಕತ್ತರಿಸುತ್ತಾಳೆ ನೋಡೋಣ ಅಂದರು.

ಈ ಸಲ ನಾನೂ ಜಾಣೆಯಾಗಬೇಕು ಅಂತ ಹಟ ಬಂತು. ಟೀಚರಮ್ಮನನ್ನು ಮುಟ್ಟಿಯೂ ನೋಡದೆ ಕಳಿಸಿಬಿಟ್ಟೆ. ಚೀಟಿ ಹಿಡಿದು ಗೋಡೆ ನೋಡಿದೆ. ನೋಡಿದೆ, ನೋಡಿದೆ. ಓರಗಿತ್ತಿಯ ಮುಖ ಕಂಡಿತೇ ಹೊರತು ಕೋಟು ಕಾಣಲಿಲ್ಲ. ಆದರೂ ಲೆಕ್ಕ ಹಾಕಿ ಕತ್ತರಿಸಿಯೇ ಬಿಟ್ಟೆ.

ಟ್ರಯಲ್ ದಿನ ಬಲಗಡೆ ಬಟ್ಟೆ ಜೋತುಬಿತ್ತು, ಕಾಲರ್ ಕತ್ತಿಗೆ ಕೂರದೆ ಎದ್ದು ನಿಂತಿತು. ಓರಗಿತ್ತಿ ತಲೆ ತಗ್ಗಿಸಿ ಗುಂಡಿ ಹೊಲಿಯತೊಡಗಿದಳು. ಆಡಿಕೊಂಡಿದ್ದರೂ ಚೆನ್ನಾಗಿತ್ತು. ನಾನು ಪಿನ್ನಿನ ಡಬ್ಬಿ ಎತ್ತಿಕೊಂಡು ಟೀಚರಮ್ಮನ ಬೆನ್ನಿಗೆ ಕೈಯಿಟ್ಟೆ. ಇಟ್ಟಕೂಡಲೇ ತಿಳಿಯಿತು, ಭುಜ ಇಳಿದದ್ದಷ್ಟೇ ಅಲ್ಲ, ಬೆನ್ನೂ ಒಂದು ಕಡೆಗೆ ತಿರುಗಿದೆ. ಚೀಟಿಯಲ್ಲಿ ಅದು ಇರಲೇ ಇಲ್ಲ. ಎಲ್ಲಿ ಎಷ್ಟು ಹೆಚ್ಚಿಗೆ ಬಿಡಬೇಕಿತ್ತು ಅಂತ ಬೆರಳಿಗೆ ಗೊತ್ತಾಯಿತು. ಬಿಡಲು ಬಟ್ಟೆ ಎಲ್ಲಿ? ಕತ್ತರಿಸಿಯಾಗಿತ್ತು.

ಟೀಚರಮ್ಮ ಹೋದ ಮೇಲೆ ಮಾವ ಕೇಳಿದರು: "ಇಷ್ಟು ವರ್ಷ ಕೈಯಲ್ಲೇ ಯೋಚನೆ ಮಾಡ್ತಿದ್ಯಲ್ಲಮ್ಮ, ಈಗ್ಯಾಕೆ ಅವಳ ಹಾಗೆ ಗೋಡೆ ನೋಡ್ಕೊಂಡು ಕೂತೆ?"

ಆ ಮಾತು ನಾಟಿತು. ನನಗೂ ಬುದ್ಧಿಯಿದೆ, ಅದು ಬೆರಳಲ್ಲಿದೆ. ಹದಿನೈದು ವರ್ಷ ಅದನ್ನು ಜೊತೆಗಿಟ್ಟುಕೊಂಡೇ ಓಡಾಡಿದ್ದೆ ಅಂತ ನನಗೆ ಆವತ್ತು ತಿಳಿಯಿತು. ಆವತ್ತೇ ಮಾವ ಟೇಬಲ್ಲನ್ನು ಓರಗಿತ್ತಿಗೆ ಕೊಟ್ಟರು. ಇಷ್ಟು ತಿಳಿದ ಮೇಲಾದರೂ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ.

ಹಾಳಾದ ಬಟ್ಟೆಗೆ ಬದಲು ಮಾವ ಹೊಸದು ತರಿಸಿದರು. ಟೀಚರಮ್ಮ ಮತ್ತೆ ಬಂದು ನಿಂತರು. ಓರಗಿತ್ತಿ ಚೀಟಿ ನೋಡಿದಳು, ಗೋಡೆ ನೋಡಿದಳು, ಕತ್ತರಿ ಕೆಳಗಿಟ್ಟಳು.

"ಅಕ್ಕಾ, ಇವರ ಬೆನ್ನು ನಂಗೆ ಕಾಣ್ತಿಲ್ಲ. ನೀವು ಮುಟ್ಟಿ ನೋಡಿ ಹೇಳಿ, ಆಮೇಲೆ ಕಟ್ ಮಾಡ್ತೀನಿ."

ಎದ್ದು ಹೋಗಿ ಕೈಯಿಟ್ಟೆ. ಆ ಬೆನ್ನು ನನ್ನ ಬೆರಳಿಗೆ ಆಗಲೇ ಬಾಯಿಪಾಠವಾಗಿತ್ತು. ಆದರೂ ಅಲ್ಲಿ ಒತ್ತಿ, ಇಲ್ಲಿ ಒತ್ತಿ, ಹತ್ತು ನಿಮಿಷ ಅವಳನ್ನು ಕಾಯಿಸಿದೆ.