ಪಾಲು ಮಾಡದ ಪೆಟ್ಟಿಗೆ

ಇಂಡಿ ಊರಿನ ನಮ್ಮ ಮನೆಗೆ ಹತ್ತಿಕೊಂಡೇ ಮಾವನವರ ಆಫೀಸು ಇತ್ತು. ನಿಂಬೆಹಣ್ಣು, ತೊಗರಿ ಖರೀದಿಸಿ ದೂರದ ಊರುಗಳಿಗೆ ಕಳಿಸುವ ವ್ಯಾಪಾರ. ಸಿಂದಗಿಯಲ್ಲೂ ಬಸವನ ಬಾಗೇವಾಡಿಯಲ್ಲೂ ಸಣ್ಣ ಆಫೀಸುಗಳಿದ್ದವು. ಮುದ್ದೇಬಿಹಾಳದ್ದನ್ನು ನನ್ನ ಮೈದುನ ನೋಡಿಕೊಳ್ಳುತ್ತಿದ್ದ. ಎಲ್ಲರ ಈಮೇಲ್ ಬಂದು ಸೇರುವ ಸರ್ವರ್, ಮೊದಲು ಬೀಜ ಇಡುತ್ತಿದ್ದ ಕೋಣೆಯಲ್ಲಿತ್ತು. ಮನೆಯಲ್ಲಿ ಎ.ಸಿ. ಇದ್ದದ್ದು ಅಲ್ಲಿ ಮಾತ್ರ. ಬೇಸಿಗೆಯಲ್ಲಿ ಅತ್ತೆ ಮಲ್ಲಿಗೆ ಮೊಗ್ಗಿನ ಬುಟ್ಟಿಯನ್ನು ತಂದು ಸರ್ವರಿನ ಪಕ್ಕದಲ್ಲೇ ಇಡುತ್ತಿದ್ದರು.

ಕಾನ್ವೆಂಟಿನಲ್ಲಿ ಓದಿದವಳೆಂದು ಇಂಗ್ಲಿಷ್ ಈಮೇಲ್‌ಗಳಿಗೆ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಡುಗೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಕೂರುತ್ತಿದ್ದೆ. "ವೈನಿ, ನಿಮ್ಮ ಸಿಸ್ಟರ್‌ಗೋಳು ಕಲಿಸಿದ ಇಂಗ್ಲಿಷ್ ಕಡೀಕ ನಿಂಬಿಹಣ್ಣಿಗೆ ಬಂತ ನೋಡ್ರಿ," ಎಂದು ಮೈದುನ ಫೋನಿನಲ್ಲಿ ನಗುತ್ತಿದ್ದ.

ನಮ್ಮ ಮನೆಯಲ್ಲಿ ಕಾಗದ ಬಂದರೆ ಎಲ್ಲರೆದುರು ಓದಬೇಕು. ಒಬ್ಬರನ್ನು ಬಿಟ್ಟರೂ ಮುನಿಸು. ಈಮೇಲಿಗೂ ಅದೇ ರೂಢಿಯಾಯಿತು. ಒಬ್ಬರಿಗೆ ಬರೆದದ್ದು ಎಲ್ಲರಿಗೂ ಹೋಗಬೇಕು. ಮೈದುನ ಒಂದೊಂದು ತೋಟದ ಹಣ್ಣಿನ ಫೋಟೋ ತೆಗೆದು ಕಳಿಸುತ್ತಿದ್ದ. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ಗಾಡಿ ಬಿಟ್ಟೇವಿ, ಹಣ್ಣು ಚಲೋ ಅದಾವ, ಇಲ್ಲೆ ಮಳಿ ಆಗಾಕತ್ತೈತಿ. ಯಾರೂ ಯಾವುದನ್ನೂ ಅಳಿಸುತ್ತಿರಲಿಲ್ಲ.

ಒಂದು ದಿನ ಅವನು ಆಫೀಸಿನಲ್ಲೇ ಎದೆನೋವೆಂದು ಕುಳಿತವನು ಮತ್ತೆ ಏಳಲಿಲ್ಲ. ಅವನ ಹೆಂಡತಿ, ನನ್ನ ನೆಗೆಣ್ಣಿ, ಇಂಡಿಗೆ ಬಂದು ನಮ್ಮೊಡನೆ ಇದ್ದಳು. ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ನನ್ನ ಪಕ್ಕ ಬಂದು ಕೂರುವಳು. ಅವಳಿಗೆ ಇಂಗ್ಲಿಷ್ ಅಕ್ಷರ ಬರದು. "ಅಕ್ಕಾ, ಅವರದೊಂದು ಓದ್ರಿ," ಎನ್ನುವಳು. ನಾನು ಅವನ ಈಮೇಲ್ ಪೆಟ್ಟಿಗೆ ತೆರೆದು ಒಂದನ್ನು ಓದುವೆ. ನಿಂಬೆಹಣ್ಣಿನ ರಾಶಿಯ ಫೋಟೋದ ಅಂಚಿನಲ್ಲಿ ಕೆಲವೊಮ್ಮೆ ಅವನ ಚಪ್ಪಲಿಯ ತುದಿ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

ಹಂಗಾಮು ಶುರುವಾಗುವ ಹೊತ್ತಿಗೆ ಸರ್ವರ್ ಮೇಲಿಂದ ಮೇಲೆ ನಿಲ್ಲತೊಡಗಿತು. ಈಮೇಲ್‌ಗಳೆಲ್ಲ ಕೂಡಿರುವ ಫೈಲು ಮಿತಿ ಮುಟ್ಟಿದೆ ಎಂದ, ವಿಜಾಪುರದಿಂದ ಬಂದ ಇಂಜಿನಿಯರ್. ಮೈದುನನ ಪೆಟ್ಟಿಗೆಯಲ್ಲಿ ಎಲ್ಲವೂ ಇದ್ದೇ ಇದೆಯಲ್ಲ ಎಂದು ನಾವು ಉಳಿದವರ ಪೆಟ್ಟಿಗೆಗಳಿಂದ ಹಳೆಯದನ್ನೆಲ್ಲ ಅಳಿಸಿದೆವು. ಫೈಲು ಮಾತ್ರ ಇದ್ದಷ್ಟೇ ಇತ್ತು.

"ಅಳಿಸಿದ್ರ ಒಳಗ ಖಾಲಿ ಆಗತೈತ್ರಿ, ಫೈಲ್ ಸಣ್ಣದಾಗಂಗಿಲ್ಲ," ಎಂದ ಇಂಜಿನಿಯರ್. "ಸರ್ವರ್ ಬಂದ್ ಮಾಡಿ, ಉಳದದ್ದನ್ನ ಹೊಸಾ ಫೈಲಿನಾಗ ಒತ್ತಿ ತುಂಬಬೇಕು. ಎಲ್ಲಾರಕಿಂತ ದೊಡ್ಡದು ಮುದ್ದೇಬಿಹಾಳದವರ ಪೆಟ್ಟಿಗಿ. ಮೊದಲ ಅದನ್ನ ಇಲ್ಲಿಂದ ತೆಗೀಬೇಕ್ರಿ."

ನೆಗೆಣ್ಣಿ ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು. ತಾಟನ್ನು ಅಲ್ಲೇ ನೆಲಕ್ಕಿಟ್ಟು ಒಳಗೆ ಬಂದಳು.

"ಎಲ್ಲಿಗೂ ಹೋಗಂಗಿಲ್ಲ ಬಿಡ್ರಿ ಅಕ್ಕಾರ, ಕಾಪಿ ಇಡತೇನಿ," ಎಂದ ಅವನು ಅವಳತ್ತ ನೋಡಿ. "ವರ್ಷಕ್ಕೊಂದರಂಗ ತುಂಡು ಮಾಡಿ ಇಡತೇನಿ. ಒಂದ ಫೈಲಿನಾಗ ಹಿಡಿಯೂದು ಕಷ್ಟ."

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮಾವನವರು ತಲೆ ಎತ್ತಿದರು. ಅಣ್ಣತಮ್ಮಂದಿರ ಪಾಲಿನಲ್ಲಿ ತಾವು ಹುಟ್ಟಿದ ಮನೆಯ ಪಡಸಾಲೆಯ ನಡುವೆಯೇ ಗೋಡೆ ಎದ್ದದ್ದನ್ನು ಕಂಡವರು ಅವರು.

"ತುಂಡು ಯಾಕ ಮಾಡ್ತಿ? ನಾ ಇರೂತನಕ ಈ ಮನ್ಯಾಗ ಪಾಲಿಲ್ಲ. ಅವಂದೆಲ್ಲಾ ಒಂದ ಕಡೆ ಇರಲಿ."

"ಅಜ್ಜಾರ, ಇದೇನ ಆಸ್ತಿ ಅಲ್ಲಲ್ರಿ."

"ಅವಂದು ನನಗ ಇನ್ನೇನ ಆಸ್ತಿ ಉಳದೈತೋ ತಮ್ಮಾ?"

ಇಂಜಿನಿಯರ್ ಕೀಬೋರ್ಡಿನತ್ತ ತಿರುಗಿದ. ಮೈದುನನದ್ದೆಲ್ಲವನ್ನೂ ಕಾಪಿಯ ಒಂದೇ ಫೈಲಿಗೆ ತುಂಬಿ, ಅವನ ಪೆಟ್ಟಿಗೆಯನ್ನು ಸರ್ವರಿನಿಂದ ತೆಗೆದ. ಉಳಿದವರದ್ದನ್ನು ತುಂಬಿದ ಸರ್ವರಿನ ಹೊಸ ಫೈಲು ಹಗುರಾಗಿ ನಡೆಯತೊಡಗಿದ ಮೇಲೆ ಹಳೆಯದನ್ನೂ ಅಳಿಸಿದ. ಈಮೇಲ್‌ಗಳು ಮತ್ತೆ ಬಂದವು, ನಿಂಬೆಹಣ್ಣಿನ ಗಾಡಿಗಳು ಹೊರಟವು.

ಮರುದಿನ ಮಧ್ಯಾಹ್ನ ನೆಗೆಣ್ಣಿ ಬಂದು ಕೂತಳು. ನಾನು ಕಾಪಿ ತೆರೆಯಲು ಹೋದೆ, ತೆರೆಯಲಿಲ್ಲ. ಇಂಜಿನಿಯರ್ ಮತ್ತೆ ಬಂದು ಬಹಳ ಹೊತ್ತು ಹೆಣಗಿದ. ಆ ಫೈಲಿಗೂ ಒಂದು ಮಿತಿಯಿತ್ತಂತೆ. ಅದನ್ನು ಮೀರಿದ್ದರಿಂದ ಇಡಿಯಾಗಿ ಕೆಟ್ಟುಹೋಗಿತ್ತು. ತುಂಡು ಮಾಡಿದ್ದರೆ ಉಳಿಯುತ್ತಿತ್ತು ಎಂದು ಅವನು ಹೇಳಲಿಲ್ಲ. ನಾವೂ ಕೇಳಲಿಲ್ಲ.

"ಮಾವನವರ ಮುಂದ ಮಿಷನ್ ಕೆಟ್ಟೇತಿ ಅನ್ರಿ, ಸಾಕು," ಎಂದಳು ನೆಗೆಣ್ಣಿ.

ಆದರೂ ಮಧ್ಯಾಹ್ನ ಬರುವುದನ್ನು ಬಿಡಲಿಲ್ಲ. "ನೆನಪಿದ್ದಷ್ಟ ಹೇಳ್ರಿ ಅಕ್ಕಾ." ಪರದೆಯ ಮೇಲೆ ಯಾರದೋ ತೊಗರಿಯ ದರ ಕೇಳುವ ಈಮೇಲ್ ಇರುತ್ತಿತ್ತು, ನಾನು ಅದನ್ನು ನೋಡುತ್ತಲೇ ಅವನ ಮಾತು ಹೇಳುತ್ತಿದ್ದೆ. "ಅದಲ್ಲ ಅಕ್ಕಾ, ಮೊದಲ ಮಳಿ ಸುದ್ದಿ ಬರದಿದ್ರು, ಆಮ್ಯಾಲೆ ಗಾಡಿದು," ಎಂದು ಅವಳು ತಿದ್ದುವಳು. ಹಾಗೆ ಅವಳು ತಿದ್ದಿದ ದಿನ ನನಗೆ ಸಮಾಧಾನವಾಗುತ್ತಿತ್ತು.

ಬರಬರುತ್ತ ನಾನು ತಪ್ಪು ಹೇಳಿದರೂ ತಿದ್ದುವುದನ್ನು ಬಿಟ್ಟಳು. ಅವಳಿಗೂ ಮರೆತಿತ್ತೋ, ನನಗೆ ನೋವಾದೀತೆಂದು ಸುಮ್ಮನಿದ್ದಳೋ, ಕೇಳುವ ಧೈರ್ಯ ನನಗೆ ಬರಲಿಲ್ಲ.