ಬೋರ್ಡಿನ ಮೇಲಿನ ಗಂಧ

ಕಳೆದ ವರ್ಷ ಆಯುಧಪೂಜೆಯ ಮರುದಿನ ಮಧ್ಯಾಹ್ನ ಗಾಳಿ ಎದ್ದಾಗ ನಮ್ಮ ಮಾವಿನಕುರ್ವೆಯ ದೋಣಿಗಳೆಲ್ಲ ಒಂದೊಂದಾಗಿ ಅಳಿವೆ ದಾಟಿ ಒಳಗೆ ಬಂದವು. ನನ್ನ ಗಂಡನ ದೋಣಿ ಬರಲಿಲ್ಲ. ಬಡಗಿನ ಕುಮಟೆಯ ಕಡೆಗೆ ಹೋಗುತ್ತೇನೆಂದು ಬೆಳಿಗ್ಗೆ ಹೊರಟವರು. ಫೋನು ಹತ್ತುತ್ತಿರಲಿಲ್ಲ. ದೇವಿ ಅಮ್ಮನನ್ನು ನಂಬಿದ ನಿಮ್ಮೆಲ್ಲರ ಮುಂದೆ ಅಂದಿನ ಸಂಗತಿಯನ್ನು, ನನ್ನ ಸೊಕ್ಕನ್ನೂ ಸೇರಿಸಿ, ಬರೆಯುತ್ತಿದ್ದೇನೆ.

ನಾನು ಹೊನ್ನಾವರದಲ್ಲಿ ದೋಣಿಗಳ ವಯರ್‌ಲೆಸ್ ರಿಪೇರಿ ಮಾಡುವವಳು. ದೋಣಿ ಎಲ್ಲಿದೆಯೆಂದು ಮನೆಯಲ್ಲೇ ತಿಳಿಯಲೆಂದು ಎರಡು ಪುಟ್ಟ ಕಂಪ್ಯೂಟರ್ ಬೋರ್ಡು ಕೂಡಿಸಿದ್ದೆ. ದೋಣಿಯಲ್ಲಿದ್ದದ್ದು ತಾನಿರುವ ಜಾಗ ಹೇಳುತ್ತಿತ್ತು, ಮನೆಯದ್ದು ಅದನ್ನು ಕೇಳಿ ಲ್ಯಾಪ್‌ಟಾಪಿನಲ್ಲಿ ತೋರಿಸುತ್ತಿತ್ತು. ಆದರೆ ಕರೆಂಟು ಹೋಗಿ ಬಂದರೆ ಮನೆಯ ಬೋರ್ಡು ತಾನಾಗಿ ಏಳುತ್ತಿರಲಿಲ್ಲ. ಬೋರ್ಡನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ ಬೂಟ್‌ಲೋಡರ್ ಎನ್ನುತ್ತಾರೆ. ಅದನ್ನು ಹೊಸದಾಗಿ ಕಟ್ಟಿ, ಮೆಮೊರಿ ಕಾರ್ಡಿಗೆ ಹಾಕಿ, ಆ ಬೆಳಿಗ್ಗೆ ಬೋರ್ಡಿಗೆ ಸಿಕ್ಕಿಸಿದ್ದೆ.

ಹಿಂದಿನ ದಿನ ಪೂಜೆಯೆಂದು ಮನೆಯ ಬೋರ್ಡಿಗೂ ರಜೆ. ಬಂದ್ ಮಾಡಿ, ಬಲೆ ಇಕ್ಕಳಗಳ ಜೊತೆ ದೇವರ ಮುಂದೆ ಇಟ್ಟಿದ್ದೆವು. ಅತ್ತೆ ಎಲ್ಲದಕ್ಕೂ ಗಂಧ ಹಚ್ಚಿದರು, ಬೋರ್ಡಿಗೂ. ನನಗೆ ಸಿಟ್ಟು ಬಂತು. ಆದರೂ ಒರೆಸಲಿಲ್ಲ. ಪೂಜೆಯ ಗಂಧ ತಾನಾಗಿ ಉದುರಬೇಕು, ನಮ್ಮಲ್ಲಿ ಅದನ್ನು ಒರೆಸುವುದಿಲ್ಲ.

ಮರುದಿನ ಬೆಳಿಗ್ಗೆ ಹೊಸ ಕಾರ್ಡು ಸಿಕ್ಕಿಸಿದರೂ ಬೋರ್ಡು ಏಳಲಿಲ್ಲ. ನಾನು ಕಟ್ಟಿದ್ದೇ ತಪ್ಪಿರಬೇಕೆಂದು ಮತ್ತೆ ಕಟ್ಟಿದೆ, ಮತ್ತೆ ಹಾಕಿದೆ, ಐದು ಸಲ. ಹಳೆಯ ಬೂಟ್‌ಲೋಡರನ್ನೇ ತಿರುಗಿ ಹಾಕಿದರೂ ಜೀವವಿಲ್ಲ. ಅಷ್ಟರಲ್ಲಿ ಮೈದುನ ಬಾಗಿಲಿಗೆ ಬಂದ. ಹುಡುಕಲು ಎರಡು ದೋಣಿ ತಯಾರಿದ್ದವು.

"ಅತ್ಗೆ, ಕುಮಟೆ ಬದಿಗೇ ಹೋಗುದಾ? ಬೇಗ ಹೇಳಿ."

"ನಂಗೆ ಗೊತ್ತಿಲ್ಲ" ಎಂದೆ. ಯಂತ್ರದ ವಿಷಯದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದೇ ಇಲ್ಲ. ಎದ್ದು ದೇವರ ಮುಂದೆ ಕುಳಿತೆ. ಹರಕೆ ಹೊರಲೂ ತೋಚಲಿಲ್ಲ. ನನ್ನ ಕೈಯಲ್ಲಿ ಆಗುವುದಿಲ್ಲ ತಾಯಿ, ಅವರನ್ನು ತೋರಿಸು ಎಂದು ಅತ್ತುಬಿಟ್ಟೆ.

ಅತ್ತೆ ಪಕ್ಕಕ್ಕೆ ಬಂದರು. ನನ್ನ ಹಣೆಗಿಡಲು ಬಟ್ಟಲಿನಲ್ಲಿ ಗಂಧ ಉಳಿದಿರಲಿಲ್ಲ. ಮೇಜಿನ ಮೇಲಿದ್ದ ಬೋರ್ಡನ್ನೇ ತಂದು, ಅದರ ಮೇಲೆ ಒಣಗಿದ್ದ ಗಂಧವನ್ನು ಉಗುರಿನಿಂದ ಎಬ್ಬಿಸಿ, ತೀರ್ಥದಲ್ಲಿ ನೆನೆಸಿ ಹಚ್ಚಿದರು. "ಅಳ್ಬೇಡ ಮಗಾ. ಪೂಜೆ ಗಂಧ ಇದು. ಅಮ್ಮ ಕೈ ಬಿಡುದಿಲ್ಲ."

ಗಂಧ ಎದ್ದ ಜಾಗದಲ್ಲಿ ಅಕ್ಕಿಕಾಳಿನಷ್ಟು ಸ್ವಿಚ್ಚು ಕಂಡಿತು. ಬೂಟ್‌ಲೋಡರನ್ನು ಕಾರ್ಡಿನಲ್ಲಿ ಹುಡುಕಬೇಕೋ ತನ್ನೊಳಗಿನ ಮೆಮೊರಿಯಲ್ಲೋ ಎಂದು ಬೋರ್ಡಿಗೆ ಹೇಳುವುದು ಅದೇ. ಗಂಧ ಹಚ್ಚುವಾಗ ಬೆರಳು ತಾಗಿ, ಏನೂ ಇಲ್ಲದ ಒಳಗಿನ ಮೆಮೊರಿಯ ಕಡೆಗೆ ಸರಿದಿತ್ತು. ಕಾರ್ಡಿನಲ್ಲಿ ನಾನಿಟ್ಟದ್ದನ್ನು ಬೋರ್ಡು ಒಮ್ಮೆಯೂ ನೋಡಿರಲೇ ಇಲ್ಲ. ಹೇರ್‌ಪಿನ್ನಿನಿಂದ ಈಚೆ ಸರಿಸಿ, ಮೇಜಿಗೆ ಒಯ್ದು ಕರೆಂಟಿನ ತಂತಿ ಸಿಕ್ಕಿಸಿದೆ. ಬೋರ್ಡಿನ ದೀಪ ಹತ್ತಿತು.

ಸ್ವಲ್ಪ ಹೊತ್ತಿನಲ್ಲಿ ಲ್ಯಾಪ್‌ಟಾಪಿನಲ್ಲಿ ಚುಕ್ಕೆ ಮೂಡಿತು. ಕುಮಟೆಯ ಕಡೆ ಅಲ್ಲ, ಭಟ್ಕಳದ ದಾರಿಯಲ್ಲಿ, ಮಂಕಿಯ ಎದುರಿನ ಕಡಲಲ್ಲಿ. ಇಂಜಿನ್ ಕೆಟ್ಟು ದೋಣಿ ತೆಂಕಕ್ಕೆ ತೇಲಿತ್ತು. ಹೊತ್ತು ಮುಳುಗುವ ಮೊದಲು ಮೈದುನ ಅವರನ್ನು ಎಳೆದು ತಂದ.

ಕೆಡಿಸಿದ್ದೂ ಆ ಗಂಧವೇ ಅಲ್ಲವಾ ಎಂದು ಕೇಳುವವರಿದ್ದಾರೆ. ಹೌದು. ಆದರೆ ಬೆಳಗಿನಿಂದ ಲ್ಯಾಪ್‌ಟಾಪು ಕುಟ್ಟಿದ ನಾನು ಕಾರ್ಡು ಬದಲಿಸುವಾಗಲೂ ಬೋರ್ಡನ್ನು ಒಮ್ಮೆ ಸರಿಯಾಗಿ ನೋಡಿರಲಿಲ್ಲ. ನನಗೆ ಅದನ್ನು ತೋರಿಸಿದವಳು ತಾಯಿ. ಈ ನಂಬಿಕೆಯನ್ನು ಇನ್ನು ಯಾರೂ ಅಲ್ಲಾಡಿಸಲಾರರು.

ಗಂಡ ತಮಾಷೆಗೆ ಅತ್ತೆಗೆ ಸ್ವಿಚ್ಚಿನ ಕತೆ ಹೇಳಿಬಿಟ್ಟರು. ಪಾಪ, ಅವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಈ ವರ್ಷದ ಪೂಜೆಯಲ್ಲಿ ಎಲ್ಲದಕ್ಕೂ ಗಂಧ ಹಚ್ಚಿ, ಬೋರ್ಡಿನ ಸರದಿ ಬಂದಾಗ ಕೈ ಹಿಂದೆ ತೆಗೆದರು.

"ಬೇಡ ಮಗಾ. ನನ್ನ ಕೈ ಸಮ ಇಲ್ಲ."

ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದೆ. ಅವರ ಬೆರಳು ಹಿಡಿದು ಗಂಧದಲ್ಲಿ ಅದ್ದಿ ಬೋರ್ಡಿಗೆ ಮುಟ್ಟಿಸಿದೆ. ಬೆರಳಲ್ಲಿ ಉಳಿದದ್ದಕ್ಕೆ ನನ್ನ ಹಣೆ ಒಡ್ಡಿದೆ.