ಮಸೀದಿಯ ಮೈಕಿನಲ್ಲಿ ಕೂಗಿದ ಹೆಸರು

ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನೊಳಗೇ ಇದ್ದ ವರ್ಷಗಳು ಅವು. ಎಂ.ಎಸ್.ಡಬ್ಲ್ಯು. ಮುಗಿಸಿದ್ದ ನಾನು ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೆ. ದಿಕ್ಕಿಲ್ಲದೆ ಸಿಕ್ಕ ಮಗುವನ್ನು ಪೊಲೀಸರು ಇಪ್ಪತ್ನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಅಂಥ ಮಕ್ಕಳ ಮಟ್ಟಿಗೆ ಈ ಸಮಿತಿಯೇ ನ್ಯಾಯಾಲಯ. ಮಗು ಇರುವ ಅಥವಾ ಹೋಗಬೇಕಾದ ಮನೆಯನ್ನು ನೋಡಿ ಬಂದು ಸಮಿತಿಗೆ ವರದಿ ಬರೆಯುವುದು ನನ್ನ ಕೆಲಸ. ಅದನ್ನು ಹೋಂ ಸ್ಟಡಿ ಎನ್ನುತ್ತಿದ್ದೆವು.

ಆಗಲೂ ಈಗಲೂ ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆದರೆ ದಿನಚರಿಯಲ್ಲಿ ಇರುವುದಕ್ಕಿಂತ ಹೆಚ್ಚಿನದು ನನ್ನ ತಲೆಯಲ್ಲಿದೆ, ಆ ಹೆಚ್ಚಿನದು ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲಾರೆ. ಈ ಪ್ರಕರಣವನ್ನು ತರಬೇತಿಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳುತ್ತಾ ಹೇಳುತ್ತಾ ಮಾತು ನುಣುಪಾಗುತ್ತದೆ. ಅನುಮಾನವಿರುವ ಕಡೆ ಅನುಮಾನವಿದೆ ಎಂದೇ ಬರೆಯುತ್ತೇನೆ.

ತಿಪ್ಪಕ್ಕ ಜಗಳೂರು ಕಡೆಯ ಒಂದು ಹಳ್ಳಿಯವಳು. ಅಡಿಕೆ ಸುಗ್ಗಿ ಬಂತೆಂದರೆ ಆ ಕಡೆಯ ಹೆಂಗಸರು ಗುಂಪು ಕಟ್ಟಿಕೊಂಡು ಚನ್ನಗಿರಿ ಸೀಮೆಗೆ ಬರುತ್ತಾರೆ. ಚೇಣಿದಾರರು, ಅಂದರೆ ತೋಟದ ಫಸಲನ್ನು ಮರದಲ್ಲಿರುವಾಗಲೇ ಗುತ್ತಿಗೆ ಹಿಡಿಯುವವರು, ಹಾಕಿಕೊಟ್ಟ ಶೆಡ್ಡಿನಲ್ಲಿ ಇದ್ದುಕೊಂಡು ದಿನವಿಡೀ ಹಸಿ ಅಡಿಕೆ ಸುಲಿಯುತ್ತಾರೆ. ತ್ಯಾವಣಿಗೆ ಹತ್ತಿರದ ಅಂಥದ್ದೊಂದು ಶೆಡ್ಡಿಗೆ ತಿಪ್ಪಕ್ಕ ಬಂದಿದ್ದಳು. ಗಂಡ ಅವಳನ್ನು ಬಿಟ್ಟು ಹೋಗಿದ್ದ. ಜೊತೆಗಿದ್ದದ್ದು ಎರಡೂವರೆ ವರ್ಷದ ಮಗಳು ನಾಗರತ್ನ, ಕರೆಯುವುದು ರತ್ನಿ ಎಂದು.

ಒಂದು ಸಂತೆಯ ದಿನ ಸಾಮಾನು ತರಲು ಹೆಂಗಸರೆಲ್ಲ ಪಕ್ಕದ ದೊಡ್ಡ ಊರಿಗೆ ಹೋದರು. ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಮೆಣಸಿನಕಾಯಿ ಆರಿಸಲು ತಿಪ್ಪಕ್ಕ ಬಗ್ಗಿದಳು, ಎದ್ದಾಗ ರತ್ನಿ ಇರಲಿಲ್ಲ. ಹುಡುಕಿ ಸಾಕಾಗಿ ಪೊಲೀಸ್ ಸ್ಟೇಷನ್ನಿಗೆ ಓಡಿದಳು. ಅಲ್ಲಿದ್ದ ಪೇದೆ ಹೇಳಿದ್ದನ್ನು ಅವಳು ನನ್ನ ಮುಂದೆ ಅದೇ ಧಾಟಿಯಲ್ಲಿ ಒಪ್ಪಿಸಿದ್ದಳು: "ಕಂಪ್ಲೇಂಟು ಗಿಂಪ್ಲೇಂಟು ಅಂತ ಯಾಕೆ ಕುಂತ್ಕಂತೀಯ? ಮಸೀದಿಗೆ ಹೋಗಿ ಮೈಕಿನಾಗೆ ಕೂಗ್ಸು. ಅರ್ಧ ಗಂಟೇಲಿ ಸಿಗ್ತೈತೆ ಹೋಗು."

ಇದು ಆ ಕಡೆ ಇದ್ದದ್ದೇ. ಮಗು ಕಳೆದರೂ ಎಮ್ಮೆ ಕಳೆದರೂ ಊರಿಗೆಲ್ಲ ಕೇಳುವುದು ಮಸೀದಿಯ ಮೈಕು ಒಂದೇ. ಜಾತಿ ಮತ ಯಾರೂ ನೋಡುತ್ತಿರಲಿಲ್ಲ. ಆಜಾನ್ ಕೂಗುವ ಹಿರಿಯರನ್ನು ಊರವರು ಹಜರತ್ ಎನ್ನುತ್ತಿದ್ದರು. ಅವರು ತಿಪ್ಪಕ್ಕನಿಗೆ ನೀರು ಕೊಟ್ಟು, ಅವಳು ಅಳುತ್ತಾ ಹೇಳಿದ್ದನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಕೂಗಿದರು. ಹಸಿರು ಫ್ರಾಕು, ಹೆಸರು ರತ್ನಿ, ಸಿಕ್ಕವರು ಪೊಲೀಸ್ ಸ್ಟೇಷನ್ನಿಗೆ ಮುಟ್ಟಿಸಿ.

ಕತ್ತಲಾಗುವ ಮುಂಚೆ ತಿಪ್ಪಕ್ಕ ಮತ್ತೆ ಸ್ಟೇಷನ್ನಿಗೆ ಹೋದಳು. ಯಾರೂ ಬಂದಿಲ್ಲ ಎಂದರು. ಮರುದಿನ ಠಾಣೆಯ ಅಧಿಕಾರಿಯೇ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, ಮಗುವನ್ನು ಗಂಡನೇ ಎತ್ತಿಕೊಂಡು ಹೋಗಿರುತ್ತಾನೆ, ಊರಿಗೆ ಹೋಗಿ ಅವನನ್ನು ಹಿಡಿ ಎಂದು ಜಗಳೂರಿನ ಬಸ್ಸು ಹತ್ತಿಸಿದರು. ದೂರು ಬರೆದುಕೊಳ್ಳಲೇ ಇಲ್ಲ.

ಕೆಲವು ತಿಂಗಳ ಮೇಲೆ ಅವಳ ಊರಿನ ಅಂಗನವಾಡಿ ಕಾರ್ಯಕರ್ತೆ ಅವಳನ್ನು ನನ್ನ ಬಳಿ ಕರೆತಂದಳು. ನಾನು ಠಾಣೆಗೆ ಪತ್ರ ಬರೆದೆ. ಅಂಥ ಹೆಂಗಸು ಬಂದೇ ಇಲ್ಲ ಎಂದು ಉತ್ತರ ಬಂತು. ತಿಪ್ಪಕ್ಕ ಮಾತ್ರ ತಿಂಗಳಿಗೊಮ್ಮೆ ಬಂದು ಬಾಗಿಲಲ್ಲಿ ನಿಂತು, "ಏನಾರ ಗೊತ್ತಾತೇನ್ರಿ ಅಮ್ಮಾರೆ?" ಎಂದು ಕೇಳಿ ಹೋಗುತ್ತಿದ್ದಳು. ಮುಂದಿನ ಸುಗ್ಗಿಗೂ ಅದೇ ಶೆಡ್ಡಿಗೆ ಸುಲಿಯಲು ಬಂದಳು. ಆ ಜಾಗ ನೋಡಿದರೆ ಸಂಕಟವಾಗುವುದಿಲ್ಲವೇ ಎಂದು ಕೇಳಿದೆ. "ಇಲ್ಲೇ ಅಲ್ಲೇನ್ರಿ ಕಳ್ಕಂಡಿದ್ದು. ಅವ್ಳು ಹುಡಿಕ್ಕಂಡು ಬಂದ್ರೆ ಇಲ್ಲಿಗೇ ಬರ್ತಾಳೆ" ಎಂದಳು.

ಆ ಹೊತ್ತಿಗೆ ನ್ಯಾಮತಿ ಹತ್ತಿರದ ಹಳ್ಳಿಯ ದಂಪತಿಯಿಂದ ನಮ್ಮ ಕಚೇರಿಗೆ ಒಂದು ಅರ್ಜಿ ಬಂತು. ಬಸ್ ನಿಲ್ದಾಣದಲ್ಲಿ ಬಿಟ್ಟುಹೋಗಿದ್ದ ಹೆಣ್ಣುಮಗುವನ್ನು ವರ್ಷದಿಂದ ಸಾಕುತ್ತಿದ್ದೇವೆ, ದತ್ತು ಮಾಡಿಕೊಡಿ ಎಂದು. ಸಮಿತಿಯ ಮುಂದೆ ಬಾರದೆ ಒಂದು ಮಗು ವರ್ಷವಿಡೀ ಒಂದು ಮನೆಯಲ್ಲಿ ಹೇಗಿತ್ತು? ಹೋಂ ಸ್ಟಡಿಗೆ ಹೋದೆ. ಮನೆಯೊಡತಿ ಗಿರಿಜಮ್ಮ ಮದುವೆಯಾದಾಗಿನಿಂದ ಮಕ್ಕಳಿಗಾಗಿ ಹಂಬಲಿಸಿದವರು. ಅವರ ಅಣ್ಣ ಆ ಭಾಗದಲ್ಲಿ ಮಾತು ನಡೆಯುವ ದೊಡ್ಡ ಮನುಷ್ಯ. ಮಗುವನ್ನು ತಂದುಕೊಟ್ಟದ್ದು ಅಣ್ಣ, ಅಣ್ಣನಿಗೆ ಕೊಟ್ಟದ್ದು ಅದೇ ಠಾಣೆಯ ಅಧಿಕಾರಿ. "ಯಾರೂ ಕೇಳ್ಕಂಡು ಬಂದಿಲ್ಲ, ಧೈರ್ಯವಾಗಿ ಇಟ್ಕಳಮ್ಮ ಅಂದ್ರು ಮೇಡಂ" ಎಂದರು ಗಿರಿಜಮ್ಮ. ಮಗುವಿಗೆ ಐಶ್ವರ್ಯ ಎಂದು ಹೆಸರಿಟ್ಟಿದ್ದರು. ಸ್ನಾನ ಮಾಡಿಸುವಾಗ ನೋಡಿದೆ, ಹೊಟ್ಟೆಯ ಮೇಲೆ ಹಳೆಯ ಬರೆಯ ಗುರುತು. ಕೂಸಿದ್ದಾಗ ಕಾಮಾಲೆಗೆಂದು ಬರೆ ಹಾಕಿಸಿದ್ದೆ ಎಂದು ತಿಪ್ಪಕ್ಕ ಹೇಳಿದ್ದಳು.

ಠಾಣೆಗೆ ಹೋದೆ. ಅಧಿಕಾರಿ ಚಹಾ ತರಿಸಿದರು. "ಆ ಕಡೆ ಮಕ್ಳಿಗೆಲ್ಲಾ ಬರೆ ಇರ್ತಾವ್ರಿ ಮೇಡಂ. ಅದ್ರಲ್ಲಿ ಏನು ಗುರ್ತು?" ಎಂದರು. ಆಮೇಲೆ ದನಿ ಇಳಿಸಿ, "ನೀವು ಓದಿದೋರು. ಮಗು ಒಳ್ಳೆ ಮನೇಲೈತೆ. ಜಗಳೂರಿಗೆ ಹೋಗಿ ಏನ್ಮಾಡ್ಬೇಕು ಅದು, ಅಡಿಕೆ ಸುಲೀಬೇಕಾ?" ಎಂದರು. ನಾನು ಉತ್ತರ ಕೊಟ್ಟಂತೆ ನೆನಪು, ದಿನಚರಿಯಲ್ಲಿ ಉತ್ತರವಿಲ್ಲ. ಬಹುಶಃ ಆ ಉತ್ತರ ಆಮೇಲೆ ಹೊಳೆದದ್ದು.

ಸಮಿತಿ ಇಬ್ಬರು ತಾಯಂದಿರನ್ನೂ ಮಗುವನ್ನೂ ಕರೆಸಿತು. ಶೆಡ್ಡಿನ ಹೆಂಗಸರಿಗೆ ಸುದ್ದಿ ಹೋದದ್ದೇ ತಡ, ತಿಪ್ಪಕ್ಕನನ್ನು ಸಿದ್ಧಮಾಡುವ ಸಂಭ್ರಮ ಶುರುವಾಯಿತಂತೆ. ಹಸಿ ಅಡಿಕೆ ಸುಲಿದವರ ಬೆರಳಿಗೆ ಕಪ್ಪು ಕರೆ ಹತ್ತುತ್ತದೆ, ಸುಗ್ಗಿ ಮುಗಿದರೂ ಬೇಗ ಹೋಗುವುದಿಲ್ಲ. "ಈ ಕೈ ನೋಡಿದ್ರೆ ಸಾಹೇಬ್ರು ಮಗೂನ ಕೊಡ್ತಾರೇನೆ?" ಎಂದು ಹೆಂಗಸರು ನಿಂಬೆಹುಳಿ, ಬೂದಿ, ಬಟ್ಟೆ ಸೋಪು ಎಲ್ಲ ಹಾಕಿ ಚರ್ಮ ಕೆಂಪಾಗುವವರೆಗೆ ತಿಕ್ಕಿದರು. ಒಬ್ಬಳು ಮದುವೆ ಸೀರೆ ಕೊಟ್ಟಳು, ಇನ್ನೊಬ್ಬಳು ಮುಖಕ್ಕೆ ಪೌಡರು ಬಳಿದಳು. ಬಂದು ನಿಂತಾಗ ನನಗೇ ಒಂದು ಕ್ಷಣ ಗುರುತು ಸಿಗಲಿಲ್ಲ.

ಮಗುವಿಗೂ ಸಿಗಲಿಲ್ಲ. ತಿಪ್ಪಕ್ಕ "ರತ್ನೀ" ಎಂದು ಎರಡೂ ಕೈ ಚಾಚಿದಳು. ಮಗು ಆ ಕೈಗಳನ್ನು ನೋಡಿ ಹಿಂದೆ ಸರಿದು ಗಿರಿಜಮ್ಮನ ಸೆರಗಿನಲ್ಲಿ ಮುಖ ಹುದುಗಿಸಿತು. ಕೈಗಳನ್ನು ನೋಡಿತು ಎಂದು ನಾನು ತರಬೇತಿಗಳಲ್ಲಿ ಹೇಳುತ್ತಾ ಬಂದಿದ್ದೇನೆ. ದಿನಚರಿಯಲ್ಲಿರುವುದು ಇಷ್ಟೇ: "ಮಗು ತಾಯಿಯ ಹತ್ತಿರ ಹೋಗಲಿಲ್ಲ." ಕರೆ ಹತ್ತಿದ ಬೆರಳುಗಳಿದ್ದಿದ್ದರೆ ಮಗು ಹಿಡಿಯುತ್ತಿತ್ತು ಎಂಬುದು ನನ್ನ ಊಹೆ, ನೆನಪಿನ ವೇಷ ಹಾಕಿಕೊಂಡು ಬಂದು ಕೂತಿದೆ. ಅಷ್ಟು ಚಿಕ್ಕ ಮಗು ವರ್ಷದಲ್ಲಿ ಮರೆತಿರಲೂ ಸಾಕು.

ಠಾಣೆಯ ಅಧಿಕಾರಿ, "ನೋಡಿದ್ರಲ್ಲ, ಹೆತ್ತೋಳಾಗಿದ್ರೆ ಹಿಂಗೆ ಮಾಡ್ತಿತ್ತಾ?" ಎಂದು ಸಮಿತಿಯ ಮುಂದೆಯೇ ಅಂದರು. ತಿಪ್ಪಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನನ್ನನ್ನು ಕೇಳಿದಳು: "ಮರ್ತೇ ಬಿಟ್ಲೇನ್ರಿ ಅಮ್ಮಾರೆ? ಒಂದು ದಿನಾನಾದ್ರೂ ನನ್ನ ಕೇಳಿರ್ತಾಳಾ, ಇಲ್ಲಾ?"

ನಾನು ಮಾಡಬಹುದಾಗಿದ್ದದ್ದು ಒಂದೇ, ಅವಳು ಆ ದಿನ ಠಾಣೆಗೆ ಹೋಗಿದ್ದಳೆಂದು ತೋರಿಸುವುದು. ಮಸೀದಿಗೆ ಹೋದೆ. ಹಜರತ್‌ಗೆ ಚೆನ್ನಾಗಿ ನೆನಪಿತ್ತು. "ಮಗು ಸಿಕ್ತಲ್ಲಮ್ಮ! ಬಸ್ ಕಂಡಕ್ಟರ್ ಸಾಬಣ್ಣ ಸ್ಟೇಷನ್ನಿಗೆ ತಂದು ಕೊಟ್ಟ. ಅಲ್ಲಾನ ದಯೆ ಅಂತ ನಾವು ಖುಷಿಪಟ್ವಿ" ಎಂದರು. ಊರೆಲ್ಲ ಹಾಗೆಯೇ ತಿಳಿದಿತ್ತು.

ಸಾಬಣ್ಣ ಹೊನ್ನಾಳಿಗೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಸಂತೆಯ ಗದ್ದಲದಲ್ಲಿ ಯಾರದೋ ಸೀರೆ ಹಿಡಿದು ಮಗು ಬಸ್ಸು ಹತ್ತಿತ್ತು. ಹೊನ್ನಾಳಿಯಲ್ಲಿ ಎಲ್ಲರೂ ಇಳಿದ ಮೇಲೆ ಸೀಟಿನ ಕೆಳಗೆ ಸಿಕ್ಕಿತು. "ಸಂತೇಲಿ ಹತ್ತಿರ್ತೈತೆ ಅಂದ್ಕಂಡು ವಾಪಸ್ ಟ್ರಿಪ್ಪಲ್ಲಿ ಮಡಿಲಾಗೆ ಕೂರಿಸ್ಕಂಡು ಬಂದೆ ಮೇಡಂ. ನನ್ನ ಟಿಕೆಟ್ ಬ್ಯಾಗೆಲ್ಲಾ ಒದ್ದೆ ಮಾಡ್ತು ಕಳ್ಳಿ! ಇಳಿಯೋಹೊತ್ಗೆ ಮೈಕಲ್ಲಿ ಹಸಿರು ಫ್ರಾಕು, ರತ್ನಿ ಅಂತ ಕೂಗ್ತಿದ್ರು. ಸೀದಾ ಸ್ಟೇಷನ್ನಿಗೆ ಕೊಟ್ಟೆ." ಮಗು ತಾಯಿಗೆ ಸಿಗಲೇ ಇಲ್ಲ ಎಂದು ನಾನು ಹೇಳಿದೆ. "ಎಲ್ಲಿಗೆ ಬಂದು ಹೇಳ್ಬೇಕು, ಹೇಳಿ" ಎಂದ.

ಕೂಗನ್ನು ಕೇಳಿಯೇ ಮಗು ಠಾಣೆಗೆ ಮರಳಿತ್ತು. ತಾಯಿಯನ್ನು ಕೂಗಿಸಲು ಕಳಿಸಿದ್ದೂ ಅದೇ ಠಾಣೆ. ದೂರು ಬರೆದುಕೊಳ್ಳದಿದ್ದದ್ದು ಮೊದಲಿಗೆ ಬರೀ ಸೋಮಾರಿತನ. ಮಗು ಕೈಗೆ ಬಂದ ಮೇಲೆ ಅದೇ ಅನುಕೂಲವಾಯಿತು. ಬೇಕಾದವರ ತಂಗಿಗೆ ಒಂದು ಮಗು ಬೇಕಿತ್ತು, ಕೇಳುವವಳು ಕೂಲಿಯವಳು. ಹಜರತ್ ಮತ್ತು ಸಾಬಣ್ಣ ಇಬ್ಬರೂ ಸಮಿತಿಯ ಮುಂದೆ ಬಂದು ಹೇಳಿಕೆ ಕೊಟ್ಟರು. ಸಮಿತಿ ಡಿಎನ್ಎ ಪರೀಕ್ಷೆಗೆ ಆದೇಶಿಸಿತು. ತಾಯಿ ಮಗಳ ರಕ್ತ ಹೊಂದಿತು. ಅಧಿಕಾರಿ ಅಮಾನತಾದರು. ಕೆಲ ಕಾಲದ ಮೇಲೆ ಬೇರೆ ಕಡೆ ಪೋಸ್ಟಿಂಗ್ ಸಿಕ್ಕಿತೆಂದೂ ಕೇಳಿದೆ.

ಮಗುವನ್ನು ಒಪ್ಪಿಸುವ ದಿನ ಗಿರಿಜಮ್ಮನೇ ಅದರ ಬಟ್ಟೆಗಳನ್ನು ಮಡಿಸಿ ತಂದಿದ್ದರು. ಮಗು ಕಿರುಚಿದ ಕಿರುಚಾಟಕ್ಕೆ ಕಚೇರಿಯ ಯಾರೂ ಕೂತಲ್ಲಿ ಕೂರಲಾಗಲಿಲ್ಲ. ಕಾಗದದ ಪ್ರಕಾರ ಪ್ರಕರಣ ಅಲ್ಲಿಗೆ ಮುಗಿಯಿತು.

ಒಂದೆರಡು ತಿಂಗಳ ಮೇಲೆ ಫಾಲೋ ಅಪ್, ಅಂದರೆ ಮಗು ಹೇಗಿದೆ ಎಂದು ನೋಡಿ ಬರುವ ಭೇಟಿಗೆ, ನಾನು ಜಗಳೂರಿಗೆ ಹೊರಟಿದ್ದೆ. ಗಿರಿಜಮ್ಮ ಫೋನು ಮಾಡಿ ನಾನೂ ಬರಲೇ ಎಂದರು. ಅಂಗನವಾಡಿ ಕಾರ್ಯಕರ್ತೆಯ ಮೂಲಕ ತಿಪ್ಪಕ್ಕನನ್ನು ಕೇಳಿಸಿದೆ. "ಬರ್ಲಿ. ಆಯಮ್ಮಂಗೆ ಕೇಳೋದೈತೆ ನಂದು" ಎಂದು ಹೇಳಿ ಕಳಿಸಿದಳು. ಜಗಳವಾದೀತೆಂದು ಹೆದರಿಕೊಂಡೇ ಕರೆದೊಯ್ದೆ.

ರತ್ನಿ ಗಿರಿಜಮ್ಮನನ್ನು ಕಂಡು ಓಡಿ ಬಂದು ಸೊಂಟ ಏರಿದಳು. ತಿಪ್ಪಕ್ಕ ಚಾಪೆ ಹಾಸಿ, ರೊಟ್ಟಿ ಚಟ್ನಿಪುಡಿ ಇಟ್ಟು, ಎದುರಿಗೆ ಕೂತು ಕೇಳಿದಳು: "ಅಕ್ಕಾ, ನಿಮ್ಮನೀಗೆ ಬಂದ ಹೊಸದ್ರಾಗೆ ನನ್ನ ಕೇಳಿದ್ಲಾ ಇವ್ಳು?"

ಗಿರಿಜಮ್ಮ ತಲೆ ತಗ್ಗಿಸಿದರು. "ಕೇಳ್ತಿದ್ಲು ಕಣವ್ವ. ಬಸ್ಸಿನ ಸದ್ದಾದ್ರೆ ಸಾಕು, ಅವ್ವ ಬಂತು ಅಂತ ಬಾಗ್ಲಿಗೆ ಓಡ್ತಿದ್ಲು. ಉಣ್ಣಾಕೆ ಕೂತ್ರೆ ಒಂದು ತುತ್ತು ಕೈಯಾಗೆ ಇಟ್ಕಂಡು ಅವ್ವಂಗೆ ಅಂತಿದ್ಲು. ಹೆತ್ತೋರು ಬಿಟ್ಟು ಹೋದ ಮಗು ಹಿಂಗೆ ಮಾಡಲ್ಲ ಅಂತ ನಂಗೆ ಆಗ್ಲೇ ಅನ್ಸಿತ್ತು. ಅಣ್ಣನ್ನ ಕೇಳ್ಲಿಲ್ಲ. ಕೇಳಿದ್ರೆ ಕಳಿಸ್ಬೇಕಾಗ್ತಿತ್ತಲ್ಲ."

ತಿಪ್ಪಕ್ಕ ಬೈಯುತ್ತಾಳೆ ಎಂದುಕೊಂಡೆ. ಅವಳು ಇನ್ನಷ್ಟು ಮುಂದಕ್ಕೆ ಸರಿದು ಕೂತಳು.

ಆ ದಿನದ ನಂತರ, ಮಗುವನ್ನು ಮರಳಿಸಿದ ಪ್ರತಿ ಪ್ರಕರಣದಲ್ಲೂ, ಎರಡೂ ಕಡೆಯವರು ಒಪ್ಪಿದರೆ, ಅವರನ್ನು ಒಮ್ಮೆ ಎದುರುಬದುರು ಕೂರಿಸುತ್ತಿದ್ದೆ. ನಿಯಮದಲ್ಲಿ ಅದಕ್ಕೆ ಕಾಲಂ ಇಲ್ಲ. ನಾವು ಮಗುವನ್ನು ಮಾತ್ರ ಹಿಂದಕ್ಕೆ ಕೊಡುತ್ತೇವೆ, ಕಳೆದ ತಿಂಗಳುಗಳು ಬೇರೆಯವರ ಬಳಿ ಉಳಿದಿರುತ್ತವೆ, ಅವರೇ ಬಾಯಿಬಿಟ್ಟು ಹೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇದನ್ನು. ನನ್ನ ನೆನಪನ್ನು ನಾನು ಎಷ್ಟೇ ಅನುಮಾನಿಸಿದರೂ, ತಿಪ್ಪಕ್ಕ ಆ ದಿನ ಗಿರಿಜಮ್ಮನಿಗೆ ಹೇಳಿದ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ. ಅದನ್ನು ವಾಪಸ್ ಬರುವಾಗ ಬಸ್ಸಿನಲ್ಲಿ ಕೂತೇ ಬರೆದುಕೊಂಡಿದ್ದೆ.

"ಇನ್ನೊಂದು ಸಲ ಹೇಳಕ್ಕಾ. ಬಾಗ್ಲಿಗೆ ಓಡ್ತಿದ್ಲು ಅಂದ್ಯಲ್ಲ, ಅಲ್ಲಿಂದ ಹೇಳು."